ಕುಣಿಯುವ ಕಪ್ಪೆ, ಕದಲದ ಕಲ್ಲುಹೂವು

ಮಳೆಗಾಲದ ಅಬ್ಬರ ಇಳಿದ ಅಕ್ಟೋಬರಿನ ಬೆಳಗು. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಏರುವ ದಾರಿಯ ಬದಿಗೆ ತೋಡೊಂದು ಬಂಡೆಗಳ ಸಂದಿಯಲ್ಲಿ ಧುಮುಕುತ್ತಿದೆ. ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳ ಗಿಣ್ಣಿನಷ್ಟಿರುವ ಕಂದು ಕಪ್ಪೆ. ಗಂಟಲುಬ್ಬಿಸಿ ಕೂಗಿತು, ನೀರಿನ ಸದ್ದು ಕೂಗನ್ನು ನುಂಗಿತು. ಆಗ ನೋಡಬೇಕು, ಹಿಂಗಾಲೊಂದನ್ನು ನಿಧಾನಕ್ಕೆ ಎತ್ತಿ ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆಯನ್ನು ಪೂರ್ತಿ ಅರಳಿಸಿ ಮಡಚಿಕೊಳ್ಳುತ್ತದೆ. ಈ ಕಲ್ಲು ನನ್ನದು ಎಂದು ಎದುರಿನ ಗಂಡಿಗೆ ಕೊಡುವ ಎಚ್ಚರಿಕೆ ಅದು. ಇದು ಮಿಕ್ರಿಕ್ಸಾಲಸ್ ಕುಲದ ಕುಣಿಯುವ ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಈ ಕುಲದ ಒಂದು ಕಪ್ಪೆಗೆ ಘಾಟಿಯ ನೆತ್ತಿಯ ಕೊಟ್ಟಿಗೆಹಾರದ ಹೆಸರನ್ನೇ ಇಟ್ಟರು.

ಘಾಟಿ ಇಳಿದು ಬಂಟ್ವಾಳದ ತೋಟಕ್ಕೆ ಬಂದರೆ ಅಡಕೆ ಮರಗಳ ಮೈಗೆ ಸುಣ್ಣ ಬಳಿದಂತೆ ಬಿಳಿ ಮಚ್ಚೆಗಳು. ಅವು ಕಲ್ಲುಹೂವು, ಅಂದರೆ ಲೈಕೆನ್. ಗ್ರಾಫಿಸ್ ಕುಲದ್ದಾದರೆ ಭೂತಗನ್ನಡಿ ಹಿಡಿದಾಗ ಸಣ್ಣ ಕರಿ ಗೀರುಗಳು ಕಾಣುತ್ತವೆ. ಬೀಜಕಗಳು ಹೊಮ್ಮುವುದು ಆ ಸೀಳುಗಳಿಂದ. ಒಳಗೆ ಶಿಲೀಂಧ್ರದ ಎಳೆಗಳು, ನಡುವೆ ಅದಕ್ಕೆ ಅನ್ನ ಹಾಕುವ ಪಾಚಿ. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯ ಹಳೆಗಲ್ಲುಗಳಿಗೂ ಇಂಥವು ಅಂಟಿಕೊಳ್ಳುತ್ತವೆ. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹರಡಿದರೆ ಅದೇ ಹೆಚ್ಚು.

ಒಂದು ಹಾರುತ್ತದೆ, ಇನ್ನೊಂದು ಕೂತಲ್ಲಿಂದ ಕದಲದು. ಆದರೂ ಇವೆರಡನ್ನೂ ಒಟ್ಟಿಗೆ ನೋಡಬೇಕು ಅನ್ನಿಸುವುದು ಅವುಗಳ ಮೈಯಿಂದಾಗಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮವೇ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ಕಲ್ಲುಹೂವಿಗೆ ಬೇರಿಲ್ಲ, ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜು, ಗಾಳಿ ತಂದದ್ದೆಲ್ಲ ನೇರ ಒಳಕ್ಕೆ. ಬೇಸಗೆಯಲ್ಲಿ ಮಾತ್ರ ದಾರಿ ಬೇರೆ. ಕಲ್ಲುಹೂವು ಒಣಗಿ ಗರಿಗರಿಯಾಗಿ ತಿಂಗಳುಗಟ್ಟಲೆ ಕಾಯುತ್ತದೆ, ಮೊದಲ ಮಳೆಗೆ ಚೇತರಿಸಿಕೊಳ್ಳುತ್ತದೆ. ಕಪ್ಪೆಗೆ ಆ ತಾಳಿಕೆಯಿಲ್ಲ. ತೋಡಿನ ತಂಪೇ ಅದರ ಆಸರೆ. ಹೆಣ್ಣು ಹಿಂಗಾಲಲ್ಲಿ ತೋಡಿನ ತಳ ಕೆದಕಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಈ ಕುಲದ ಗೊದಮೊಟ್ಟೆಗಳು ಮರಳಿನೊಳಗೆ ಹುದುಗಿ ಬೆಳೆಯುವುದನ್ನು ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು.

ಹೀಗೆ ತೆರೆದ ಮೈಗೆ ತೋಟದ ಮದ್ದೂ ತಾಗುತ್ತದೆ. ಕೊಳೆರೋಗಕ್ಕೆ ಹೆದರಿ ಮಳೆಯ ನಡುವೆ ಬಿಸಿಲು ಕಂಡ ದಿನ ಕೃಷಿಕರು ಅಡಕೆ ಗೊನೆಗೆ ಮದ್ದು ಬಿಡುತ್ತಾರೆ. ಬಿಡದಿದ್ದರೆ ಫಸಲು ನೆಲಕ್ಕೆ, ಅವರನ್ನು ದೂರುವಂತಿಲ್ಲ. ಆದರೆ ಮೈಲುತುತ್ತ, ಸುಣ್ಣದ ಆ ದ್ರಾವಣ ಶಿಲೀಂಧ್ರವನ್ನು ಕೊಲ್ಲಲೆಂದೇ ಇರುವಂಥದು, ಅದರ ತಾಮ್ರ ಗೊದಮೊಟ್ಟೆಗೂ ವಿಷ. ಗೊನೆಯಿಂದ ತೊಟ್ಟಿಕ್ಕಿದ್ದು ಕಾಂಡದ ಮಚ್ಚೆಗಳ ಮೇಲೆ ಇಳಿಯುತ್ತದೆ, ಬುಡದ ಕಣಿ ಸೇರುತ್ತದೆ, ಕಣಿಯ ನೀರು ತೋಡಿಗೆ ಹೋಗುತ್ತದೆ. ಡ್ರಮ್ಮು, ಪಂಪು ತೊಳೆದ ನೀರನ್ನಾದರೂ ಕಣಿಗೆ ಚೆಲ್ಲದೆ ದೂರದ ಗುಂಡಿಗೆ ಸುರಿಯಬಹುದು.