ಹಿತ್ತಿಲಲ್ಲಿ ಇನ್ನೊಂದು ಮನೆ: ಪಂಚಾಂಗ ಹಾಕುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಮಗನಿಗೆ ಮದುವೆಯಾಗಿ ಹಳೆಯ ಮನೆಯಲ್ಲಿ ಕೋಣೆಗಳು ಸಾಲದಾಗುತ್ತವೆ. ಇಲ್ಲವೆ ವೃದ್ಧ ತಂದೆತಾಯಿಗಳಿಗೆ ಮೆಟ್ಟಲು ಹತ್ತುವ ಕಷ್ಟವಿಲ್ಲದ ಪುಟ್ಟ ಮನೆಯೊಂದು ಬೇಕೆನಿಸುತ್ತದೆ. ಬೇರೆ ನಿವೇಶನ ಕೊಳ್ಳುವುದಕ್ಕಿಂತ ಹಿತ್ತಿಲಲ್ಲೇ ಎರಡು ಕೋಣೆ ಕಟ್ಟೋಣವೆಂದು ಕಾಸರಗೋಡು ಸೀಮೆಯ ಕೃಷಿಕರು ಯೋಚಿಸುವುದು ಸಹಜವೇ. ಆದರೆ ಮೂರು ತಲೆಮಾರು ಸಾಗುವಳಿ ಮಾಡಿದ ನೆಲವೆಲ್ಲವೂ ಮನೆ ಕಟ್ಟಲು ಒದಗುವುದಿಲ್ಲ. ಕಲ್ಲು ತರಿಸುವ ಮುನ್ನ ಕಾಗದ, ನೀರು, ದಾರಿ ಈ ಮೂರನ್ನೂ ವಿಚಾರಿಸಿಕೊಳ್ಳತಕ್ಕದ್ದು.

ಕಾಗದ

ಮೊದಲು ವಿಲೇಜ್ ಆಫೀಸಿಗೆ ಹೋಗಿ, ಭೂತೆರಿಗೆಯ ಮೂಲ ರಿಜಿಸ್ತರಿನಲ್ಲಿ ನಿಮ್ಮ ಸರ್ವೆ ನಂಬ್ರ ‘ಪುರಯಿಡಂ’ ಎಂದಿದೆಯೋ ‘ನಿಲಂ’ ಎಂದಿದೆಯೋ ನೋಡಿರಿ. ಮೊದಲನೆಯದು ಹಿತ್ತಿಲು, ಎರಡನೆಯದು ಗದ್ದೆ. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟು ಎಷ್ಟೋ ವರ್ಷ ಕಳೆದಿದ್ದರೂ ದಾಖಲೆಯಲ್ಲಿ ಅದು ಗದ್ದೆಯಾಗಿಯೇ ಉಳಿದಿರಬಹುದು. ಕೇರಳದ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾನೂನಿನ ಮೇರೆಗೆ ತಯಾರಾದ ಡಾಟಾ ಬ್ಯಾಂಕಿನಲ್ಲಿ ಅದು ಸೇರಿದ್ದರೆ ಮನೆ ಕಟ್ಟುವಂತಿಲ್ಲ. ಜಿಲ್ಲೆಯಲ್ಲಿ ತಕ್ಕ ಬೇರೆ ನೆಲವಿಲ್ಲದವರು ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನವರೆಗೆ ವಿನಾಯಿತಿ ಕೇಳಬಹುದು; ಹಿತ್ತಿಲೂ ಮನೆಯೂ ಇರುವವರಿಗೆ ಅದು ಒದಗುವುದು ಕಷ್ಟ. ತಪ್ಪಾಗಿ ಸೇರಿದ ನೆಲವನ್ನು ತೆಗೆಸಲು 5ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ಡಾಟಾ ಬ್ಯಾಂಕಿನಲ್ಲಿಲ್ಲದ ‘ನಿಲಂ’ಗೆ 2018ರ ತಿದ್ದುಪಡಿಯಂತೆ ಪ್ರತ್ಯೇಕ ಅರ್ಜಿಯುಂಟು.

ಎರಡನೆಯದು ಕುಮ್ಕಿ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು 1956ರ ನವೆಂಬರ 1ರಂದು ಕೇರಳಕ್ಕೆ ಸೇರಿತಾದರೂ ವರ್ಗ, ಕುಮ್ಕಿ ಎಂಬ ಮಾತುಗಳು ನಮ್ಮ ಹಳೆಯ ಪತ್ರಗಳಲ್ಲಿ ಉಳಿದಿವೆ. ಕುಮ್ಕಿಯ ಸೊಪ್ಪು ಸೌದೆಯ ಸವಲತ್ತು ವರ್ಗದಾರನದು; ನೆಲ ಮಾತ್ರ ಸರಕಾರದ್ದು. ಪಟ್ಟೆಯಾಗದ ಕುಮ್ಕಿಗೆ ಗೋಡೆ ಚಾಚಿದರೆ ಸಕ್ರಮ ಮನೆ ನಂಬ್ರ ದೊರೆಯದು. ಆದುದರಿಂದ ಬೇಲಿಯನ್ನು ನಂಬದೆ ಸರ್ವೆಯರರಿಂದ ಗಡಿ ಅಳೆಯಿಸಿರಿ.

ಮೂರನೆಯದು ಪಾಲು. ಪಾಲುಪತ್ರವಾಗದ ಆಸ್ತಿಯಲ್ಲಿ ಒಬ್ಬ ತಮ್ಮನು ತನ್ನ ದುಡ್ಡಿನಿಂದ ಮನೆ ಕಟ್ಟಿದರೂ ಅಡಿಯ ನೆಲ ಎಲ್ಲರದಾಗಿಯೇ ಇರುವುದು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಹಕ್ಕುದಾರರು. ಪ್ರೀತಿಯಿರುವಾಗಲೇ ಪತ್ರ ಬರೆಯಿಸಿ ನೋಂದಾಯಿಸುವುದು ಲೇಸು. ಮುನಿಸು ಬಂದ ಮೇಲೆ ಬರೆಯಿಸುವುದು ಕೋರ್ಟಿನಲ್ಲಿ. ಸಬ್‌ರಿಜಿಸ್ಟ್ರಾರರ ಕಛೇರಿಯಿಂದ ಋಣಭಾರ ಪತ್ರವನ್ನೂ ಪಡೆದು, ಹಿಂದಿನ ಅಡವು ತೀರಿದೆಯೇ ಎಂದು ನೋಡಿಕೊಳ್ಳಿರಿ.

ನೀರು

ಹೊಸ ಮನೆಯೆಂದರೆ ಹೊಸ ಕಕ್ಕಸಿನ ಗುಂಡಿಯೂ ಹೌದು. ಕುಡಿಯುವ ನೀರಿನ ಬಾವಿಯಿಂದ ಅದು ಕನಿಷ್ಠ 7.5 ಮೀಟರು, ಎಂದರೆ ಸುಮಾರು 25 ಅಡಿ ದೂರವಿರಬೇಕು. ನಮ್ಮ ಮುರಕಲ್ಲು ತೂತುತೂತಾದುದರಿಂದ ಕೊಳೆನೀರು ಅದರೊಳಗೆ ಬೇಗ ಹರಿಯುವುದು. ಜಾಗವಿದ್ದರೆ ಇನ್ನಷ್ಟು ದೂರ, ಬಾವಿಗಿಂತ ತಗ್ಗಿನಲ್ಲಿ ಮಾಡುವುದು ಕ್ಷೇಮ. ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುಡ್ಡೆಯಲ್ಲಿ ಅಜ್ಜಂದಿರು ಕೊರೆಯಿಸಿದ ಸುರಂಗವಿದ್ದರೆ ಅದು ಎತ್ತ ತಿರುಗಿ ಎಷ್ಟು ದೂರ ಹೋಗಿದೆಯೆಂದು ಹಿರಿಯರನ್ನು ಕೇಳಿ ಗುರುತು ಹಾಕಿರಿ. ಅದರ ಮೇಲೆ ಪಂಚಾಂಗವೂ ಕೂಡದು, ಗುಂಡಿಯೂ ಕೂಡದು.

ದಾರಿ

ಹಿಂದಿನ ಮನೆಗೆ ಮುಂದಿನ ಮನೆಯ ಅಂಗಳವೇ ದಾರಿಯಾದರೆ ಆ ದಾರಿಯ ಅಗಲವನ್ನು ಪಾಲುಪತ್ರದಲ್ಲೇ ಕಾಣಿಸಿರಿ. ನಕ್ಷೆ ಬರೆಯಿಸುವ ಮೊದಲು, ರಸ್ತೆಯಿಂದಲೂ ಗಡಿಯಿಂದಲೂ ಬಿಡಬೇಕಾದ ಅಂತರವನ್ನು ಪಂಚಾಯತು ಕಛೇರಿಯಲ್ಲಿ 2019ರ ಕಟ್ಟಡ ನಿಯಮಗಳಂತೆ ಕೇಳಿ ತಿಳಿಯಿರಿ. ಜಾಗ ಸಾಲದೆಂದು ಹಿಂಬದಿಯ ಗುಡ್ಡೆಯನ್ನು ನೆಟ್ಟಗೆ ಕಡಿಯಬಾರದು. ಮುರಕಲ್ಲಿನ ಅಡಿಯ ಜೇಡಿಮಣ್ಣು ನೀರು ಕುಡಿದರೆ ಜಾರುವುದು.

ಇಷ್ಟೆಲ್ಲ ನೋಡಿದ ಮೇಲೂ ಸಾಧ್ಯವಾದರೆ ಒಂದು ಮಳೆಗಾಲ ಕಾಯಿರಿ. ಆಟಿಯ ಜಡಿಮಳೆಯಲ್ಲಿ ಕೊಡೆ ಹಿಡಿದು ಆ ಜಾಗದಲ್ಲಿ ನಿಂತು, ನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆಂದು ನೋಡಿ ನಾಲ್ಕು ಗೂಟ ಹೊಡೆಯಿರಿ. ಮೇಸ್ತ್ರಿಯನ್ನು ಕರೆಯುವುದು ಆಮೇಲೆ.