ಶಾಲೆಗೆ ಬರುವ ಡಾಕ್ಟರ್, ಮನೆಗೆ ಬರುವ ಚೀಟಿ

ನಿಮ್ಮ ಮಗು ಪಕ್ಕದವರ ಪುಸ್ತಕ ನೋಡಿ ನೋಟ್ಸ್ ಬರೀತಿದೆಯಾ? ಬೈಯೋ ಮುಂಚೆ ಡಾಕ್ಟರಿಗೆ ಕಣ್ಣು ತೋರಿಸಿ. ಬೋರ್ಡ್ ಎಲ್ಲರಿಗೂ ಹೀಗೇ ಮಂಜುಮಂಜಾಗಿ ಕಾಣುತ್ತೆ ಅಂದುಕೊಂಡಿರುತ್ತೆ ಮಗು.

ಸರ್ಕಾರಿ, ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಸಲ ವೈದ್ಯರ ತಂಡ ಬರಬೇಕು. ಇದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ. ಕಣ್ಣು, ಕಿವಿ, ಹಲ್ಲು, ರಕ್ತಹೀನತೆ, ಹೃದಯದ ತೊಂದರೆ, ಎಲ್ಲ ನೋಡ್ತಾರೆ. ಏನಾದರೂ ಕಂಡರೆ ರೆಫರಲ್ ಚೀಟಿ ಕೊಡ್ತಾರೆ. ಮುಂದಿನ ಚಿಕಿತ್ಸೆ, ಆಪರೇಷನ್ ಬೇಕಾದರೂ, ಈ ಯೋಜನೆಯಲ್ಲಿ ಉಚಿತ.

ಕೊಂಡಿ ಕಳಚೋದು ಇಲ್ಲೇ. ಆ ಚೀಟಿ ಬ್ಯಾಗಿನ ತಳದಲ್ಲಿ ಮುದುಡಿಕೊಂಡು ಉಳಿದುಬಿಡುತ್ತೆ. ಮನೆಗೆ ತಲುಪಿದರೂ, ಆಸ್ಪತ್ರೆಗೆ ಹೋಗೋಕೆ ಅಪ್ಪನೋ ಅಮ್ಮನೋ ಒಂದು ದಿನದ ಕೂಲಿ ಬಿಡಬೇಕು. ಹೋಗಲಿಲ್ಲ ಅಂದರೆ ದಯವಿಟ್ಟು ಅದನ್ನ ನಿರ್ಲಕ್ಷ್ಯ ಅನ್ನಬೇಡಿ. ಟೀಚರ್ ಒಂದು ಫೋನ್ ಮಾಡಿ, ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಅರ್ಧ ಭಾರ ಇಳಿಯುತ್ತೆ.



ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಎದ್ದುನಿಂತು ಕೇಳಿ: ಈ ವರ್ಷ ತಂಡ ಬಂತಾ? ಚೀಟಿ ಸಿಕ್ಕ ಮಕ್ಕಳಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋಗಿಬಂದರು?