ಹೆರಾತ್‌ನಿಂದ ಹಂಪಿಗೆ ಹದಿನೈದು ತಿಂಗಳು

ಭೂಪಟದ ಮೇಲೆ ನೇರ ಗೆರೆ ಎಳೆದರೆ ಆಫ್ಘಾನಿಸ್ತಾನದ ಹೆರಾತ್ ನಗರಕ್ಕೂ ಹಂಪಿಗೂ ಸುಮಾರು 2,500 ಕಿ.ಮೀ. ಅಂತರ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಇದು ಮೂರು ಗಂಟೆ ಚಿಲ್ಲರೆ ಹಾದಿ. ತೈಮೂರನ ಮಗ ಷಾ ರುಖ್‌ನ ರಾಯಭಾರಿ ಅಬ್ದುಲ್ ರಜಾಕ್ 1442ರ ಜನವರಿಯಲ್ಲಿ ಹೆರಾತ್ ಬಿಟ್ಟ. ವಿಜಯನಗರ ಸೇರಿದ್ದು 1443ರ ಏಪ್ರಿಲ್ ಕೊನೆಗೆ.

ಹದಿನೈದು ತಿಂಗಳೂ ಆತ ದಾರಿ ಸವೆಸುತ್ತಲೇ ಇರಲಿಲ್ಲ. ಬಹುಪಾಲು ಕಳೆದದ್ದು ಕಾಯುವುದರಲ್ಲಿ. ಹಾಯಿ ಹಡಗಿಗೆ ಗಾಳಿಯೇ ಎಂಜಿನ್. ಮುಂಗಾರಿನ ಬಿರುಸಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚುತ್ತಿದ್ದವು. ಹೊರ್ಮುಜ್‌ನಲ್ಲಿ ಹೊರಡುವುದು ತಡವಾಗಿ, ಹಡಗು ಬಿಡುವ ಕಾಲ ಮೀರಿಹೋಯಿತು. ಓಮನ್ ತೀರದ ಬಿಸಿಲಿಗೆ ರಜಾಕ್ ಕಾಯಿಲೆ ಬಿದ್ದ. ಜತೆಗಿದ್ದ ಅಣ್ಣ ಅಲ್ಲಿಯೇ ತೀರಿಕೊಂಡ. ಕೊನೆಗೆ ಗಾಳಿ ಕೂಡಿಬಂದಾಗ, ಎರಡು ಸಾವಿರ ಕಿ.ಮೀ.ಗೂ ಮಿಕ್ಕ ಕಡಲು ದಾಟಿ ಕಲ್ಲಿಕೋಟೆ ಮುಟ್ಟಲು ಹಿಡಿದದ್ದು ಹದಿನೆಂಟೇ ದಿನ!

ಕಲ್ಲಿಕೋಟೆಯಲ್ಲಿ ಮತ್ತೆ ಕೆಲವು ತಿಂಗಳು ಕಳೆದವು. ಇಮ್ಮಡಿ ದೇವರಾಯನ ದೂತ ಬಂದು ಕರೆದ ಮೇಲೆ ಸಮುದ್ರದ ಮೂಲಕ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ.

ಹಿಂದಿರುಗುವಾಗಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. 1443ರ ಕೊನೆಯಲ್ಲಿ ವಿಜಯನಗರ ಬಿಟ್ಟವನು ಬಾರಕೂರು ಬಂದರು ತಲುಪಿದ್ದು ಮತ್ತೆ ಹದಿನೆಂಟು ದಿನಕ್ಕೇ. ಭೂಪಟದಲ್ಲಿ ಈ ದೂರ ಸುಮಾರು 275 ಕಿ.ಮೀ. ಮಾತ್ರ. ಅಂದರೆ ಅರಬ್ಬೀ ಸಮುದ್ರದಷ್ಟೇ 'ಅಗಲ' ನಮ್ಮ ಮಲೆನಾಡು. ಅರಬ್ಬಿ ನಾಡುಗಳ ಕುದುರೆ ರಾಜಧಾನಿಯ ಲಾಯ ಸೇರಬೇಕಾದರೂ ಕಡಲು ದಾಟಿದ ಮೇಲೆ ಇಂಥ ಘಟ್ಟ ಹತ್ತಲೇಬೇಕಿತ್ತು. ಕರಾವಳಿಯ ಬಂದರುಗಳು ಕೈತಪ್ಪದಂತೆ ವಿಜಯನಗರದ ಅರಸರು ಏಕೆ ಅಷ್ಟು ಎಚ್ಚರ ವಹಿಸಿದರೆಂಬುದು ಇಲ್ಲಿ ಅರ್ಥವಾಗುತ್ತದೆ. ಮುಂದೆ ಹೊನ್ನಾವರದಿಂದ ಹೊರ್ಮುಜ್‌ಗೆ ರಜಾಕ್‌ಗೆ ಹಿಡಿದದ್ದು 65 ದಿನ. ಅದೇ ಸಮುದ್ರ, ಗಾಳಿ ಬೇರೆ.

ಈಗ ಹಂಪಿಗೆ ಹತ್ತಿರದ ವಿಮಾನ ನಿಲ್ದಾಣ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ಉಡಾನ್ ಯೋಜನೆಯಡಿ ಅಲ್ಲಿ 2017ರಲ್ಲಿ ವಿಮಾನ ಸಂಚಾರ ಆರಂಭವಾಯಿತು. ಅಲ್ಲಿಂದ ಬೆಂಗಳೂರು ನಿಲ್ದಾಣಕ್ಕೆ ನೇರ ದೂರ 250 ಕಿ.ಮೀ.ಯಷ್ಟು, ಹಾರಾಟ ಒಂದು ಗಂಟೆಯೊಳಗಿನದು. ಆದರೆ ಹೊಸಪೇಟೆಯವರು ಮೂವತ್ತು ಕಿ.ಮೀ. ರಸ್ತೆ ಸವೆಸಿ, ತಪಾಸಣೆ ಮುಗಿಸಿ, ಹತ್ತುವ ಸರದಿಗೆ ಕೂರುವ ಹೊತ್ತು ಹಾರಾಟಕ್ಕಿಂತ ಹೆಚ್ಚು. ಕಾಯುವ ಪಾಡು ಪೂರ್ತಿ ತಪ್ಪಿಲ್ಲ.

ಬಾರಕೂರಿಗೆ ಹೋಗುವವರಿಗಂತೂ ಇಂದಿಗೂ ಘಟ್ಟವೇ ಗತಿ. ರಜಾಕ್‌ನ ಹದಿನೆಂಟು ದಿನ ಈಗ ಒಂದು ಹಗಲಿಗೆ ಇಳಿದಿದೆ. ಅದೂ ಮಳೆಗಾಲದಲ್ಲಿ ಗುಡ್ಡ ಕುಸಿಯದಿದ್ದರೆ.